ಎರಡನೇ ವರ್ಷ ಆಟ ಕೆಡುತ್ತದೆಯೇ?

ಅಕ್ಟೋಬರ್ ತಿಂಗಳ ಸಂಜೆ. ಉತ್ತರ ಅಮೆರಿಕದ ಯಾವುದೋ ನಗರದ ಒಳಾಂಗಣ ಕ್ರೀಡಾಂಗಣ ತುಂಬಿ ತುಳುಕುತ್ತಿದೆ. ಎದುರಾಳಿಗಳು ಐಸ್ ಹಾಕಿಯ ಬಿಲ್ಲೆಯಾದ ಪಕ್ಕನ್ನು ಮೂಲೆಗೆ ಹೊಡೆದು ಅದರ ಬೆನ್ನಿಗೇ ನುಗ್ಗಿ ಬರುತ್ತಾರೆ. ಇಪ್ಪತ್ತರ ಹರೆಯದ ಡಿಫೆಂಡರ್ ಒಬ್ಬ ತನ್ನದೇ ಗೋಲಿನ ಹಿಂದಕ್ಕೆ ಜಾರಿಹೋಗಿ ಪಕ್ಕನ್ನು ಸ್ಟಿಕ್ಕಿಗೆ ತೆಗೆದುಕೊಳ್ಳುತ್ತಾನೆ. ಕಳೆದ ವರ್ಷ ಇದೇ ಜಾಗದಲ್ಲಿ ಅವನು ಎಡಕ್ಕೆ ಹೊರಟಂತೆ ಭುಜ ಬಳುಕಿಸಿ ಬಲಕ್ಕೆ ನುಣುಚಿಕೊಳ್ಳುತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಈ ವರ್ಷ ಬಲಗಡೆಯಲ್ಲಿ ಇನ್ನೊಬ್ಬ ಮೊದಲೇ ಬಂದು ಕಾದಿದ್ದಾನೆ. ಭುಜಕ್ಕೆ ಭುಜ ಢಿಕ್ಕಿ ಹೊಡೆಯುತ್ತದೆ, ಪಕ್ ಕೈಬಿಟ್ಟು ಹೋಗುತ್ತದೆ, ಎರಡು ಪಾಸ್‌ಗಳಲ್ಲಿ ಗೋಲು.

ಮರುದಿನ ಟೀವಿಯಲ್ಲಿ, ಪತ್ರಿಕೆಯಲ್ಲಿ ಒಂದೇ ಮಾತು: ಹುಡುಗನಿಗೆ ಎರಡನೇ ವರ್ಷದ ಕುಸಿತ ಶುರುವಾಯಿತು.

ಈ ಮಾತು ಅಲ್ಲಿ ಎಷ್ಟು ಬೇರೂರಿದೆಯೆಂದರೆ, ಮೊದಲ ವರ್ಷ ಮಿಂಚಿದ ಪ್ರತಿಯೊಬ್ಬ ಯುವ ಡಿಫೆಂಡರ್‌ನ ಬೆನ್ನಿಗೂ ಅದನ್ನು ಮುಂಚಿತವಾಗಿಯೇ ಅಂಟಿಸಲಾಗುತ್ತದೆ. ಅದು ನಿಜವೇ? ಅಂಕಿಅಂಶ ನೋಡಿದರೆ ಮೊದಲಿಗೆ ನಿಜವೆನ್ನಿಸುತ್ತದೆ. ಇನ್ನೂ ಸ್ವಲ್ಪ ಹತ್ತಿರ ಹೋಗಿ ನೋಡಿದರೆ ಚಿತ್ರ ಬದಲಾಗುತ್ತದೆ.

ಕೊನೆಯ ಕಾವಲುಗಾರನ ಕೆಲಸ

ನಮ್ಮಲ್ಲಿ ಹಾಕಿ ಎಂದರೆ ಕೊಡಗಿನ ಮೈದಾನಗಳು ಕಣ್ಣಮುಂದೆ ಬರುತ್ತವೆ. ಇಲ್ಲಿ ಹೇಳುತ್ತಿರುವುದು ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು ಆಡುವ ಐಸ್ ಹಾಕಿ. ಅಮೆರಿಕ ಮತ್ತು ಕೆನಡಾದ 32 ತಂಡಗಳ ಎನ್‌ಎಚ್‌ಎಲ್ ಅದರ ಅತ್ಯುನ್ನತ ವೇದಿಕೆ. 2025-26ರವರೆಗಿನ ನಿಯಮದಂತೆ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಪ್ರತಿ ತಂಡ 82 ಪಂದ್ಯ ಆಡಬೇಕಿತ್ತು, ನಾಕೌಟ್ ಹಂತ ಆಮೇಲಿನದು.

ಒಂದು ಹೊತ್ತಿಗೆ ಅಂಗಳದಲ್ಲಿ ತಂಡವೊಂದರ ಆರು ಜನ: ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆಂಡರ್‌ಗಳು. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಡಿಫೆಂಡರ್‌ಗಳು ಸದಾ ಜೋಡಿಯಾಗಿಯೇ ಇಳಿಯುತ್ತಾರೆ. ತಂಡಕ್ಕೆ ಇಂಥ ಮೂರು ಜೋಡಿ. ಮೊದಲ ಜೋಡಿಯವರು 60 ನಿಮಿಷದ ಪಂದ್ಯದಲ್ಲಿ 25 ನಿಮಿಷದ ಆಸುಪಾಸು ಆಡುತ್ತಾರೆ. ಈ ‘ಜೋಡಿ’ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಇದೇ ಮುಖ್ಯವಾಗುತ್ತದೆ.

ಫಾರ್ವರ್ಡ್ ತಪ್ಪು ಮಾಡಿದರೆ ಹಿಂದೆ ಇಬ್ಬರು ಇದ್ದಾರೆ. ಡಿಫೆಂಡರ್ ತಪ್ಪು ಮಾಡಿದರೆ ಹಿಂದೆ ಇರುವುದು ಗೋಲ್‌ಕೀಪರ್ ಮಾತ್ರ. ಎದುರಾಳಿ ಮೈಮೇಲೆ ಬೀಳುತ್ತಿರುವಾಗ ಹಿಮ್ಮುಖವಾಗಿ ಜಾರುತ್ತಲೇ ನಿರ್ಧಾರ ತೆಗೆದುಕೊಳ್ಳಬೇಕು. ಹೀಗಾಗಿಯೇ ಈ ಸ್ಥಾನದಲ್ಲಿ ಪಳಗಲು ವರ್ಷಗಳು ಬೇಕು ಎಂದು ಕೋಚ್‌ಗಳು ಹೇಳುವುದು, ಹತ್ತೊಂಬತ್ತು ಇಪ್ಪತ್ತರಲ್ಲೇ ಯಾರಾದರೂ ಪಳಗಿದಂತೆ ಕಂಡರೆ ಎಲ್ಲರೂ ಬೆರಗಾಗುವುದು.

ಹನ್ನೊಂದು ಪ್ರಶಸ್ತಿ, ಹತ್ತು ಇಳಿಕೆ

ಮೊದಲ ವರ್ಷದ ಆಟಗಾರರಿಗೆ ‘ರೂಕಿ’ ಎನ್ನುತ್ತಾರೆ. ವರ್ಷದ ಶ್ರೇಷ್ಠ ರೂಕಿಗೆ ಕಾಲ್ಡರ್ ಟ್ರೋಫಿ. ಅದು ಹೆಚ್ಚಾಗಿ ಗೋಲು ಹೊಡೆಯುವವರ ಪಾಲಾಗುತ್ತದೆ. ಬಾಬಿ ಓರ್ ಗೆದ್ದ 1967ರಿಂದ ಮಾರಿಟ್ಸ್ ಸೈಡರ್ ಗೆದ್ದ 2022ರವರೆಗಿನ ಅರ್ಧ ಶತಮಾನಕ್ಕೂ ಮೀರಿದ ಅವಧಿಯಲ್ಲಿ ಡಿಫೆಂಡರ್‌ಗಳಿಗೆ ದಕ್ಕಿದ್ದು ಹನ್ನೊಂದು ಸಲ ಮಾತ್ರ.

ಆ ಹನ್ನೊಂದು ಮಂದಿಯ ಎರಡನೇ ವರ್ಷವನ್ನು ಪಕ್ಕದಲ್ಲಿಟ್ಟು ನೋಡೋಣ. ಗೋಲು ಮತ್ತು ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಎರಡನ್ನೂ ಕೂಡಿಸಿ ಅಲ್ಲಿ ‘ಪಾಯಿಂಟ್’ ಎಂದು ಲೆಕ್ಕ ಹಾಕುತ್ತಾರೆ. ಓರ್ 41ರಿಂದ 31ಕ್ಕೆ ಇಳಿದರು. ರೇ ಬೋರ್ಕ್ 65ರಿಂದ 56ಕ್ಕೆ, ಗ್ಯಾರಿ ಸೂಟರ್ 68ರಿಂದ 49ಕ್ಕೆ, ಬ್ರಯಾನ್ ಲೀಚ್ 71ರಿಂದ 56ಕ್ಕೆ, ಬ್ರಯಾನ್ ಬೆರಾರ್ಡ್ 48ರಿಂದ 46ಕ್ಕೆ, ಟೈಲರ್ ಮೈಯರ್ಸ್ 48ರಿಂದ 37ಕ್ಕೆ, ಆರನ್ ಎಕ್‌ಬ್ಲಾಡ್ 39ರಿಂದ 36ಕ್ಕೆ, ಕೇಲ್ ಮಕಾರ್ 50ರಿಂದ 44ಕ್ಕೆ, ಸೈಡರ್ 50ರಿಂದ 42ಕ್ಕೆ. ಬ್ಯಾರೆಟ್ ಜ್ಯಾಕ್‌ಮನ್ ಭುಜದ ಗಾಯದಿಂದಾಗಿ ಎರಡನೇ ವರ್ಷ ಬರೀ 15 ಪಂದ್ಯ ಆಡಿದರು. ಏರಿದವರು ಒಬ್ಬರೇ, ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಡೆನಿಸ್ ಪಾಟ್ವಿನ್: 54ರಿಂದ 76.

ಹನ್ನೊಂದರಲ್ಲಿ ಹತ್ತು ಇಳಿಕೆ! ಕುಸಿತದ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ ಎನ್ನಿಸುತ್ತದೆ.

ಆದರೆ ಪ್ರತಿಯೊಬ್ಬರೂ ಆಡಿದ ಪಂದ್ಯಗಳ ಸಂಖ್ಯೆಯನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಮೊಣಕಾಲಿನ ತೊಂದರೆಯಿಂದಾಗಿ ಓರ್ ಎರಡನೇ ವರ್ಷ 46 ಪಂದ್ಯ ಆಡಿದರು, ಮೊದಲ ವರ್ಷ ಆಡಿದ್ದು 61. ಪಂದ್ಯಕ್ಕಿಷ್ಟು ಎಂದು ಭಾಗಿಸಿದರೆ ಎರಡೂ ವರ್ಷ ಸರಿಸುಮಾರು 0.67, ಎರಡನೆಯದೇ ಕೂದಲೆಳೆಯಷ್ಟು ಹೆಚ್ಚು. ಆ ‘ಕುಸಿದ’ ವರ್ಷವೇ ಅವರಿಗೆ ಶ್ರೇಷ್ಠ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿ ಬಂತು. ಬೋರ್ಕ್ 80 ಪಂದ್ಯದ ಬದಲು 67 ಆಡಿದರು, ಸರಾಸರಿ 0.81ರಿಂದ 0.84ಕ್ಕೆ ಏರಿತು. ಬೆರಾರ್ಡ್ ಅವರದೂ ತುಸು ಏರಿತು. ಮಕಾರ್ ಅವರ ಎರಡನೇ ವರ್ಷ ಕೋವಿಡ್‌ನಿಂದಾಗಿ ಲೀಗ್ ಆಡಿಸಿದ್ದೇ 56 ಪಂದ್ಯ. ಅದರಲ್ಲಿ ಅವರು 44 ಆಡಿ 44 ಪಾಯಿಂಟ್ ಗಳಿಸಿದರು, ಪಂದ್ಯಕ್ಕೊಂದರಂತೆ.

ಹದಿನೈದೇ ಪಂದ್ಯ ಆಡಿದ ಜ್ಯಾಕ್‌ಮನ್ ಅವರನ್ನು ಬದಿಗಿಟ್ಟರೆ ಉಳಿದ ಹತ್ತು ಜನರಲ್ಲಿ ಐವರು ಏರಿದ್ದಾರೆ, ಐವರು ಇಳಿದಿದ್ದಾರೆ. ಇಳಿದವರಲ್ಲಿ ಎಕ್‌ಬ್ಲಾಡ್ ಅವರದು ಗಮನಕ್ಕೇ ಬಾರದಷ್ಟು ಸಣ್ಣ ಇಳಿಕೆ. ಎರಡನೇ ವರ್ಷದಲ್ಲಿ ಎದ್ದು ಕಾಣುವ ಸಂಗತಿ ಆಟ ಕೆಟ್ಟದ್ದಲ್ಲ, ಆಡಿದ ಪಂದ್ಯಗಳು ಕಡಿಮೆಯಾದದ್ದು.

ಸರಾಸರಿಯ ಸೆಳೆತ

ಹಾಗಾದರೆ ಪಂದ್ಯದ ಲೆಕ್ಕದಲ್ಲೂ ಇಳಿದ ಆ ಐವರು? ಇಲ್ಲಿ 19ನೇ ಶತಮಾನದ ಇಂಗ್ಲೆಂಡಿಗೆ ಒಮ್ಮೆ ಹೋಗಿಬರಬೇಕು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ತಂದೆ ತಾಯಿಯರ ಮತ್ತು ಅವರ ಬೆಳೆದ ಮಕ್ಕಳ ಎತ್ತರವನ್ನು ಹೋಲಿಸಿ 1886ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೀರಾ ಎತ್ತರದವರ ಮಕ್ಕಳು ಎತ್ತರವಾಗಿಯೇ ಇದ್ದರು, ಆದರೆ ಒಟ್ಟಾರೆಯಾಗಿ ಹೆತ್ತವರಿಗಿಂತ ಸಾಮಾನ್ಯ ಎತ್ತರದ ಕಡೆಗೆ ತುಸು ವಾಲಿದ್ದರು. ತೀರಾ ಕುಳ್ಳಗಿನವರ ಮಕ್ಕಳು ಅದೇ ರೀತಿ ಮೇಲಕ್ಕೆ ವಾಲಿದ್ದರು. ಯಾವುದೇ ಅಳತೆಯಲ್ಲಿ ತುದಿಗೆ ಹೋದದ್ದು ಮುಂದಿನ ಸಲ ನಡುವಿನ ಕಡೆಗೆ ಸರಿಯುತ್ತದೆ. ತುದಿಗೆ ಹೋಗಲು ಸಾಮರ್ಥ್ಯದ ಜೊತೆಗೆ ಅದೃಷ್ಟವೂ ಕೈಹಿಡಿದಿರುತ್ತದೆ; ಸಾಮರ್ಥ್ಯ ಮರುವರ್ಷವೂ ಬರುತ್ತದೆ, ಅದೃಷ್ಟ ಬರಲೇಬೇಕೆಂದಿಲ್ಲ.

ಡಿಫೆಂಡರ್‌ಗಳ ಗೋಲುಗಳಲ್ಲಿ ಅದೃಷ್ಟದ ಪಾಲು ದೊಡ್ಡದು. ಅವರು ಹೆಚ್ಚಾಗಿ ದೂರದಿಂದ, ಎದುರಿಗೆ ಗುಂಪುಗೂಡಿದ ಕಾಲುಗಳ ನಡುವೆ ಹೊಡೆಯುತ್ತಾರೆ. ಗುರಿಯತ್ತ ಹೋದ ನೂರು ಹೊಡೆತಗಳಲ್ಲಿ ಒಳಹೋಗುವುದು ಐದಾರು. ಯಾರದೋ ಮೊಣಕಾಲಿಗೆ ತಗುಲಿ ದಿಕ್ಕು ತಪ್ಪಿದ ಮೂರು ನಾಲ್ಕು ಪಕ್‌ಗಳು ಸಾಕು, ಒಂದು ವರ್ಷ ಅಮೋಘವಾಗಿ ಕಾಣಲು.

ಫಿಲಡೆಲ್ಫಿಯಾದ ಶೇನ್ ಗಾಸ್ಟಿಸ್‌ಬೇರ್ 2015-16ರಲ್ಲಿ 64 ಪಂದ್ಯಗಳಲ್ಲಿ 17 ಗೋಲು ಹೊಡೆದರು. ಸತತ 15 ಪಂದ್ಯಗಳಲ್ಲಿ ಪಾಯಿಂಟ್ ಗಳಿಸಿ, ರೂಕಿ ಡಿಫೆಂಡರ್‌ಗಳಲ್ಲಿ ದಾಖಲೆ ಮಾಡಿದರು. ಮರುವರ್ಷ ಹೆಚ್ಚು ಪಂದ್ಯ ಆಡಿದರು, ಗುರಿಯತ್ತ ಹೆಚ್ಚು ಹೊಡೆದರು. ಗೋಲು ಮಾತ್ರ ಏಳಕ್ಕೆ ನಿಂತಿತು. ಎರಡು ಸೀಸನ್‌ಗಳ ನಡುವೆ ಸೊಂಟ ಮತ್ತು ಕಿಬ್ಬೊಟ್ಟೆಯ ಸ್ನಾಯುವಿಗೆ ಶಸ್ತ್ರಚಿಕಿತ್ಸೆಯೂ ಆಗಿತ್ತು. ಕೋಚ್ ಕೆಲವು ಪಂದ್ಯಗಳಲ್ಲಿ ಅವರನ್ನು ಹೊರಗೆ ಕೂರಿಸಿದರು. ಮೂರನೇ ವರ್ಷ 13 ಗೋಲು, 52 ಅಸಿಸ್ಟ್. ನಡುವಿನ ಆ ವರ್ಷ ಆಟವನ್ನೇ ಮರೆತಿದ್ದ ಹುಡುಗ ಮರುವರ್ಷ ದಿಢೀರನೆ ನೆನಪಿಸಿಕೊಂಡ ಎಂದು ನಂಬಲು ನನಗಂತೂ ಆಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನಾವು ನೋಡುವುದೇ ಇಲ್ಲ. ಮೊದಲ ವರ್ಷ ಸಾಧಾರಣವಾಗಿ ಆಡಿದವರು ಎರಡನೇ ವರ್ಷ ಮೇಲೆ ಬರುತ್ತಾರೆ. ಲಾಸ್ ಏಂಜಲೀಸ್‌ನ ಡ್ರೂ ಡೌಟಿ 27ರಿಂದ 59ಕ್ಕೆ ಜಿಗಿದರು. ಆಗ ಒಟ್ಟಾವಾದಲ್ಲಿದ್ದ ಎರಿಕ್ ಕಾರ್ಲ್ಸನ್ 26ರಿಂದ 45ಕ್ಕೆ. ಅವರ ಏರಿಕೆಗೆ ಯಾರೂ ಎರಡನೇ ವರ್ಷದ ಹೆಸರಿಡಲಿಲ್ಲ. ಚೆನ್ನಾಗಿ ಆಡಿದವರನ್ನೇ ಆರಿಸಿಕೊಂಡು, ಅವರು ಕೆಳಗಿಳಿದಾಗ ಮಾತ್ರ ಕಣ್ಣರಳಿಸಿದರೆ ಕುಸಿತವಲ್ಲದೆ ಬೇರೇನು ಕಂಡೀತು?

ಇದನ್ನು ತಿರುಗಿಸಿಯೂ ನೋಡಬಹುದು. ಟ್ರೋಫಿ ಗೆದ್ದವರು ಅಳತೆಯ ತುತ್ತತುದಿಯವರು. ಲೆಕ್ಕದ ಪ್ರಕಾರ ಬಹುತೇಕರು ಇಳಿಯಬೇಕಿತ್ತು. ಅವರಲ್ಲಿ ಅರ್ಧದಷ್ಟು ಜನ ಏರಿದರೆಂದರೆ, ಆ ವಯಸ್ಸಿನ ಬೆಳವಣಿಗೆ ಸರಾಸರಿಯ ಸೆಳೆತವನ್ನು ತಡೆದು ನಿಲ್ಲಿಸುವಷ್ಟು ಬಲವಾಗಿತ್ತು.

ಪಕ್ಕದಲ್ಲಿ ಯಾರಿದ್ದರು?

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಲ್ಲಿದೆ. ಪಾಯಿಂಟ್‌ಗಳ ಪಟ್ಟಿಯಲ್ಲಿ ಡಿಫೆಂಡರ್ ಒಂಟಿಯಾಗಿ ಕಾಣುತ್ತಾನೆ, ಅಂಗಳದಲ್ಲಿ ಅವನು ಎಂದೂ ಒಂಟಿಯಲ್ಲ.

ಟೈಲರ್ ಮೈಯರ್ಸ್ ಅವರನ್ನೇ ನೋಡಿ. ಆರಡಿ ಎಂಟಂಗುಲದ ಈ ಯುವಕ 2009-10ರಲ್ಲಿ ಬಫಲೋ ತಂಡದಲ್ಲಿ ಆಡುವಾಗ ಪಕ್ಕದಲ್ಲಿದ್ದವರು ಹೆನ್ರಿಕ್ ಟಾಲಿಂಡರ್ ಎಂಬ ಅನುಭವಿ ಸ್ವೀಡಿಷ್ ಆಟಗಾರ. ಮೈಯರ್ಸ್ ದಾಳಿಗೆ ಮುನ್ನುಗ್ಗಿದಾಗ ಟಾಲಿಂಡರ್ ಹಿಂದೆ ನಿಂತು ಖಾಲಿ ಜಾಗ ಕಾಯುತ್ತಿದ್ದರು. 2010ರ ಬೇಸಿಗೆಯಲ್ಲಿ ಟಾಲಿಂಡರ್ ನ್ಯೂಜೆರ್ಸಿ ತಂಡಕ್ಕೆ ಹೋದರು. ಆ ಅಕ್ಟೋಬರ್‌ನಲ್ಲಿ ಮೈಯರ್ಸ್ ತಡವರಿಸತೊಡಗಿದರು.

ಆಗ ವ್ಯಾಂಕೂವರ್‌ನಲ್ಲಿದ್ದ ಕ್ವಿನ್ ಹ್ಯೂಸ್ ಅವರ ಕಥೆಯೂ ಇದೇ ದಾರಿಯದು. 2019-20ರಲ್ಲಿ 68 ಪಂದ್ಯಗಳಲ್ಲಿ 53 ಪಾಯಿಂಟ್. ಜೊತೆಗಾರ ಕ್ರಿಸ್ ಟ್ಯಾನೆವ್, ಹೊಡೆತಗಳಿಗೆ ಮೈಯೊಡ್ಡಿ ಗೋಲು ಕಾಯುವವರು. 2020ರ ಅಕ್ಟೋಬರ್‌ನಲ್ಲಿ ಟ್ಯಾನೆವ್ ಕ್ಯಾಲ್ಗರಿ ಸೇರಿದರು. ಎರಡನೇ ವರ್ಷ ಹ್ಯೂಸ್ ಅವರ ಪಾಯಿಂಟ್ ಸರಾಸರಿ ಅಷ್ಟೇನೂ ಇಳಿಯಲಿಲ್ಲ, ಆದರೆ ಪ್ಲಸ್-ಮೈನಸ್ ಲೆಕ್ಕ ಮೈನಸ್ 24ಕ್ಕೆ ಹೋಯಿತು. ಸ್ಥೂಲವಾಗಿ ಹೇಳುವುದಾದರೆ, ಆಟಗಾರ ಅಂಗಳದಲ್ಲಿದ್ದಾಗ ತಂಡ ಹೊಡೆದ ಗೋಲಿಗೆ ಒಂದು ಕೂಡಿ, ಬಿಟ್ಟುಕೊಟ್ಟ ಗೋಲಿಗೆ ಒಂದು ಕಳೆಯುವ ಲೆಕ್ಕವದು. ಆ ವರ್ಷ ತಂಡದ ಬಹುತೇಕರು ಕೋವಿಡ್‌ಗೆ ತುತ್ತಾಗಿದ್ದರು, ತಂಡ ಕೆನಡಾ ತಂಡಗಳ ವಿಭಾಗದಲ್ಲಿ ಕೊನೆಯ ಸ್ಥಾನಕ್ಕಿಳಿದಿತ್ತು. ಆ 24ರ ಹೊರೆಯನ್ನು 21 ವರ್ಷದ ಒಬ್ಬನ ಹೆಗಲಿಗೆ ಹೊರಿಸಿ ‘ಇವನಿಗೆ ರಕ್ಷಣೆಯೇ ಬರದು’ ಎಂದವರಿದ್ದರು. 2023-24ರಲ್ಲಿ ಹ್ಯೂಸ್ 92 ಪಾಯಿಂಟ್ ಗಳಿಸಿ ನಾರಿಸ್ ಟ್ರೋಫಿ ಗೆದ್ದರು.

ಜ್ಯಾಕ್‌ಮನ್ ರೂಕಿ ವರ್ಷ ಆಡಿದ್ದು 39ರ ಹರೆಯದ ಅಲ್ ಮ್ಯಾಕಿನಿಸ್ ಅವರ ಪಕ್ಕದಲ್ಲಿ. ಮರುವರ್ಷ ಕಣ್ಣಿನ ತೊಂದರೆಯಿಂದ ಮ್ಯಾಕಿನಿಸ್ ಮೂರೇ ಪಂದ್ಯ ಆಡಿದರು. ಡೆಟ್ರಾಯಿಟ್‌ನಲ್ಲಿ ಸೈಡರ್ ಅವರ ಮೊದಲ ವರ್ಷದ ಜೊತೆಗಾರ ನಿಕ್ ಲೆಡಿಯನ್ನು ಸೀಸನ್ ಮುಗಿಯುವ ಮುನ್ನವೇ ಸೇಂಟ್ ಲೂಯಿಸ್‌ಗೆ ಕೊಟ್ಟುಬಿಟ್ಟರು. ಎರಡನೇ ವರ್ಷದ ಆರಂಭದಲ್ಲಿ ಬೆನ್ ಶಿಯಾರೊ ಜೊತೆ ಸೈಡರ್ ಅವರಿಗೆ ಹೊಂದಿಕೆಯಾಗಲಿಲ್ಲ. ಲೆಡಿಗೆ ಬದಲಾಗಿ ಬಂದವರಲ್ಲಿ ಒಬ್ಬರಾದ ಜೇಕ್ ವಾಲ್ಮನ್ ಪಕ್ಕಕ್ಕೆ ಬಂದ ಮೇಲೆ ಆಟ ಚೇತರಿಸಿಕೊಂಡಿತು.

ಮಕಾರ್ ಅವರಿಗೆ ಆದದ್ದು ಇದರ ತದ್ವಿರುದ್ಧ. ಅವರ ಎರಡನೇ ಸೀಸನ್ ಶುರುವಾಗುವ ಮೊದಲು ಕೊಲೊರಾಡೊ ತಂಡ ಡೆವೊನ್ ಟೇವ್ಸ್ ಅವರನ್ನು ಕರೆತಂದಿತು. ಅಲ್ಲಿಂದ ಆ ಜೋಡಿ ಲೀಗ್‌ನ ಅತ್ಯುತ್ತಮ ಜೋಡಿಗಳಲ್ಲಿ ಒಂದಾಯಿತು. 2022ರಲ್ಲಿ ಮಕಾರ್ ನಾರಿಸ್ ಗೆದ್ದರು, ತಂಡ ಲೀಗ್‌ನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಗೆದ್ದಿತು. ಮಕಾರ್ ಅಪೂರ್ವ ಪ್ರತಿಭೆ, ಅದರಲ್ಲಿ ಸಂಶಯವಿಲ್ಲ. ಆದರೂ ಅವರಿಗೆ ಎರಡನೇ ವರ್ಷದ ಕಾಟ ತಟ್ಟಲಿಲ್ಲ ಎನ್ನುವವರು ಟೇವ್ಸ್ ಹೆಸರನ್ನೂ ಜೊತೆಗೆ ಹೇಳಬೇಕು.

ಕೆಲಸ ಭಾರವಾದಾಗ

ಕೋಚ್‌ಗಳು ರೂಕಿ ಡಿಫೆಂಡರ್‌ನನ್ನು ಕಾಪಾಡಿಕೊಂಡು ಆಡಿಸುತ್ತಾರೆ. ತವರಿನ ಪಂದ್ಯದಲ್ಲಿ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ಆತಿಥೇಯ ಕೋಚ್‌ನದು. ಎದುರಾಳಿ ಯಾರನ್ನು ಇಳಿಸಿದ್ದಾರೆಂದು ನೋಡಿಕೊಂಡು, ಅವರ ದುರ್ಬಲ ಫಾರ್ವರ್ಡ್ ಸಾಲಿನ ಮುಂದೆ ಹುಡುಗನನ್ನು ಇಳಿಸಬಹುದು. ಹುಡುಗ ಗೆದ್ದು ತೋರಿಸಿದ ಮೇಲೆ ಆ ರಕ್ಷಣೆ ಮುಗಿಯುತ್ತದೆ. ಎರಡನೇ ವರ್ಷ ಎದುರಾಳಿಯ ಅತ್ಯುತ್ತಮ ಸಾಲಿನ ಮುಂದೆ, ತನ್ನದೇ ಗೋಲಿನ ಸಮೀಪ, ಒಂದು ಗೋಲಿನ ಮುನ್ನಡೆ ಕಾಯುವ ಕೊನೆಯ ನಿಮಿಷಗಳಲ್ಲಿ ಅವನೇ ಇರುತ್ತಾನೆ. ಈ ಬಡ್ತಿ ಅಂಕಿಪಟ್ಟಿಯಲ್ಲಿ ಹಿಂಬಡ್ತಿಯಂತೆ ಕಾಣುತ್ತದೆ.

ಮಿನೆಸೊಟಾದ ಬ್ರಾಕ್ ಫೇಬರ್ 2023-24ರಲ್ಲಿ 47 ಪಾಯಿಂಟ್ ಗಳಿಸಿದರು, ಮರುವರ್ಷ 29. ಎರಡೂ ವರ್ಷ ಪಂದ್ಯಕ್ಕೆ 25 ನಿಮಿಷದಷ್ಟು ಆಡಿದರು. ಅಚ್ಚರಿಯೆಂದರೆ ಗೋಲುಗಳು 8ರಿಂದ 10ಕ್ಕೆ ಏರಿದ್ದವು. ಇಳಿದದ್ದು ಅಸಿಸ್ಟ್, 39ರಿಂದ 19ಕ್ಕೆ. ಅಸಿಸ್ಟ್ ಸಿಗಬೇಕಾದರೆ ನೀವು ಕೊಟ್ಟ ಪಕ್ಕನ್ನು ಇನ್ನೊಬ್ಬ ಗೋಲಾಗಿಸಬೇಕು. ಆ ವರ್ಷ ತಂಡದ ತಾರೆ ಕಿರಿಲ್ ಕಪ್ರಿಜೋವ್ ಗಾಯದಿಂದಾಗಿ ಅರ್ಧದಷ್ಟು, ಅಂದರೆ 41 ಪಂದ್ಯ ಮಾತ್ರ ಆಡಿದ್ದರು. ಅದೇ ‘ಕುಸಿತ’ದ ಮಧ್ಯೆ, 2025ರ ಫೆಬ್ರುವರಿಯಲ್ಲಿ ನಡೆದ ನಾಲ್ಕು ದೇಶಗಳ ಟೂರ್ನಿಗೆ ಅಮೆರಿಕ ತಂಡ ಫೇಬರ್ ಅವರನ್ನು ಆರಿಸಿತು.

ಎದುರಾಳಿಗಳ ಕಲಿಕೆಯೂ ಇದೆ. ಪ್ರತಿ ತಂಡದಲ್ಲೂ ವಿಡಿಯೊ ನೋಡುವುದನ್ನೇ ಕೆಲಸವಾಗಿಸಿಕೊಂಡ ಕೋಚ್‌ಗಳಿದ್ದಾರೆ. ಯಾವ ಭುಜ ಬಳುಕಿಸುತ್ತಾನೆ, ಒತ್ತಡ ಬಿದ್ದಾಗ ಪಕ್ಕನ್ನು ಯಾವ ಗೋಡೆಗೆ ಹೊಡೆಯುತ್ತಾನೆ ಎಂಬುದೆಲ್ಲ ಒಂದು ಬೇಸಿಗೆಯೊಳಗೆ 31 ತಂಡಗಳಿಗೂ ಗೊತ್ತಾಗಿರುತ್ತದೆ. ಇದಕ್ಕೆ ಆಟಗಾರನೇ ಉತ್ತರ ಹುಡುಕಬೇಕು. ಈ ಅರ್ಥದಲ್ಲಿ ಎರಡನೇ ವರ್ಷದ ಕಷ್ಟ ಕಲ್ಪನೆಯಲ್ಲ.

ಮೈಯ ಮಿತಿಯೂ ಸೇರುತ್ತದೆ. ಅಮೆರಿಕದ ಕಾಲೇಜು ತಂಡಗಳು ವರ್ಷಕ್ಕೆ ನಲವತ್ತರ ಆಸುಪಾಸು ಪಂದ್ಯ ಆಡುತ್ತವೆ. ಅಲ್ಲಿಂದ ಬಂದವನಿಗೆ 82 ಪಂದ್ಯವೆಂದರೆ ಒಮ್ಮೆಲೇ ಇಮ್ಮಡಿ ಹೊರೆ, ಅದೂ ಪೂರ್ಣ ಬೆಳೆದ ಗಂಡಸರ ಎದುರು. ಮಿಷಿಗನ್ ವಿಶ್ವವಿದ್ಯಾಲಯದಿಂದ ಕೊಲಂಬಸ್‌ಗೆ ಬಂದ ಜ್ಯಾಕ್ ವರೆನ್ಸ್ಕಿ 47ರಿಂದ 37ಕ್ಕೆ ಇಳಿದ 2017-18ರಲ್ಲಿ ಸೀಸನ್‌ನ ಬಹುಭಾಗವನ್ನು ಗಾಯಗೊಂಡ ಭುಜದಲ್ಲೇ ಆಡಿ, ಮುಗಿದ ಮೇಲೆ ಶಸ್ತ್ರಚಿಕಿತ್ಸೆಗೆ ಹೋದರು. 2024-25ರಲ್ಲಿ ಅವರು ಗಳಿಸಿದ್ದು 82 ಪಾಯಿಂಟ್.

ಮರಳಿ ಏರದವರು

ಎಲ್ಲರೂ ಚೇತರಿಸಿಕೊಂಡರು ಎಂದರೆ ಸುಳ್ಳಾಗುತ್ತದೆ. ಮೈಯರ್ಸ್ 48 ಪಾಯಿಂಟ್‌ಗಳನ್ನು ಮತ್ತೆ ಮುಟ್ಟಲೇ ಇಲ್ಲ. ಜೊತೆಗಾರ ಹೋದರು, ಗಾಯಗಳಾದವು, ತಂಡವೂ ಕುಸಿಯುತ್ತ ಹೋಯಿತು. ಆದರೆ 2024ರಲ್ಲಿ ಅವರು ಎನ್‌ಎಚ್‌ಎಲ್‌ನಲ್ಲಿ ಸಾವಿರನೇ ಪಂದ್ಯ ಆಡಿದರು. ಸಾವಿರ ಪಂದ್ಯ ಆಡಿದವರನ್ನು ಕೆಟ್ಟುಹೋದ ಆಟಗಾರ ಎನ್ನುವುದು ನ್ಯಾಯವಲ್ಲ. ಅವರ ಮೊದಲ ವರ್ಷ ಅವರ ನಿಜ ಮಟ್ಟಕ್ಕಿಂತ ಎತ್ತರದಲ್ಲಿತ್ತು, ನಾವು ಆ ಎತ್ತರವನ್ನೇ ಅವರ ನೆಲವೆಂದು ತಿಳಿದೆವು.

ಹೀಗೆ ತಿಳಿಯುವುದಕ್ಕೆ ಬೆಲೆಯೂ ಇದೆ. ಹದಿಹರೆಯದಲ್ಲೇ ಸೇರುವ ಆಟಗಾರನ ಮೊದಲ ಒಪ್ಪಂದ ಮೂರು ವರ್ಷದ್ದು. ಎರಡನೇ ವರ್ಷ ಮುಗಿದ ಬೇಸಿಗೆಯಲ್ಲೇ ಮುಂದಿನ ದೀರ್ಘ ಒಪ್ಪಂದದ ಮಾತುಕತೆ ಶುರುವಾಗಬಹುದು. ಮೈಯರ್ಸ್ 2011ರ ಸೆಪ್ಟೆಂಬರ್‌ನಲ್ಲಿ, ಸರಿಯಾಗಿ ಆ ಹೊತ್ತಿನಲ್ಲಿ, ಏಳು ವರ್ಷಕ್ಕೆ 3.85 ಕೋಟಿ ಡಾಲರ್‌ಗೆ ಸಹಿ ಹಾಕಿದರು. ಸೈಡರ್ ವಿಷಯದಲ್ಲಿ ಡೆಟ್ರಾಯಿಟ್ ಮೂರನೇ ವರ್ಷ ಮುಗಿಯುವವರೆಗೆ ಕಾಯಿತು. ಸೈಡರ್ ಆ ವರ್ಷವೂ 42 ಪಾಯಿಂಟ್‌ನಲ್ಲೇ ನಿಂತಿದ್ದರು. ಆದರೂ 2024ರಲ್ಲಿ ತಂಡ ಅವರಿಗೆ ವರ್ಷಕ್ಕೆ 85.5 ಲಕ್ಷ ಡಾಲರ್‌ನಂತೆ ಏಳು ವರ್ಷದ ಒಪ್ಪಂದ ಕೊಟ್ಟಿತು. ಎದುರಾಳಿಯ ಬಲಿಷ್ಠ ಸಾಲುಗಳನ್ನು ರಾತ್ರಿಯೆಲ್ಲ ಎದುರಿಸುತ್ತಿದ್ದವರು ಯಾರೆಂದು ತಂಡದವರಿಗೆ ಗೊತ್ತಿತ್ತು. ತಂಡದ ಆಡಳಿತ ಹೀಗೆ ಲೆಕ್ಕ ಹಾಕುವಾಗ ಅಭಿಮಾನಿಗಳೂ ಪತ್ರಕರ್ತರೂ ಇನ್ನೂ ಪಾಯಿಂಟ್ ಪಟ್ಟಿ ಹಿಡಿದು ಇಪ್ಪತ್ತರ ಹುಡುಗರನ್ನು ಅಳೆಯುವುದು ನನಗೆ ಬೇಸರ ತರಿಸುತ್ತದೆ.

2024-25ರಲ್ಲಿ ಮಾಂಟ್ರಿಯಲ್‌ನ ಲೇನ್ ಹಟ್ಸನ್ ಕಾಲ್ಡರ್ ಗೆದ್ದ ಹನ್ನೆರಡನೆಯವರಾಗಿ ಈ ಸಾಲಿಗೆ ಸೇರಿದರು. ಅವರು 82 ಪಂದ್ಯಗಳಲ್ಲಿ ಗಳಿಸಿದ 60 ಅಸಿಸ್ಟ್, 1980-81ರಲ್ಲಿ ಲ್ಯಾರಿ ಮರ್ಫಿ ಮಾಡಿದ್ದ ರೂಕಿ ಡಿಫೆಂಡರ್‌ಗಳ ದಾಖಲೆಗೆ ಸಮ. ಆ ಮರ್ಫಿಯೂ ಎರಡನೇ ವರ್ಷ 76ರಿಂದ 66ಕ್ಕೆ ಇಳಿದಿದ್ದರು. ಆದರೂ ವೃತ್ತಿಜೀವನದಲ್ಲಿ ಒಟ್ಟು 1,615 ಪಂದ್ಯ ಆಡಿ, ನಾಲ್ಕು ಸ್ಟ್ಯಾನ್ಲಿ ಕಪ್ ಎತ್ತಿದರು. ಹಟ್ಸನ್ ವಿಷಯದಲ್ಲಿ ಯಾರಾದರೂ ಕುಸಿತದ ಮಾತೆತ್ತಿದಾಗ, ಪಾಯಿಂಟ್ ಲೆಕ್ಕಕ್ಕಿಂತ ಮೊದಲು ನಾನು ನೋಡುವುದು ಎರಡನ್ನು: ಅವರು ಆಡಿದ ಪಂದ್ಯಗಳೆಷ್ಟು, ಪಕ್ಕದಲ್ಲಿ ಆಡಿದವರು ಯಾರು.